ಪರಿಚಯ ಭಾಷಣಕ್ಕೆ ಮುನ್ನ: ನವಿ ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕೋಪರಖೈರಣೆ

ಕೋಪರಖೈರಣೆ, ವಾಶಿ, ಘನಸೋಲಿ, ನೆರೂಲ್, ಪನವೇಲ್ ಮೊದಲಾದೆಡೆಗಳಲ್ಲಿ ಕನ್ನಡದ ಹೆಸರಿನಿಂದ ಸಂಘ ಕಟ್ಟಿ, ಹೊಟ್ಟೆಪಾಡಿನ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಅವನ್ನು ನಡೆಸಿಕೊಂಡು ಬರುತ್ತಿರುವ ಮಾನ್ಯ ಪದಾಧಿಕಾರಿಗಳೆ,

ರಾಜ್ಯೋತ್ಸವವಿರಲಿ, ವಾರ್ಷಿಕೋತ್ಸವವಿರಲಿ, ಯಕ್ಷಗಾನಕ್ಕೆ ಮುನ್ನ ಅರ್ಧ ಗಂಟೆಯೆಂದು ಹೇಳಿ ಒಂದೂವರೆ ಗಂಟೆ ನಡೆಯುವ ಸಭಾ ಕಾರ್ಯಕ್ರಮವಿರಲಿ, ನಮ್ಮ ವೇದಿಕೆಯ ಮೇಲೆ ಉದ್ಯಮಿಗಳ ಮತ್ತು ಹೋಟೆಲ್ ಮಾಲೀಕರ ನಡುವೆ ಒಬ್ಬ ಪೊಲೀಸ್ ಅಧಿಕಾರಿಯಾದರೂ ಆಸೀನರಾಗಿರಬೇಕೆಂಬುದು ಈಚಿನ ವರ್ಷಗಳಲ್ಲಿ ಒಂದು ಅಲಿಖಿತ ನಿಯಮವೇ ಆಗಿಹೋಗಿರುವುದನ್ನು ತಾವೆಲ್ಲರೂ ಬಲ್ಲಿರಿ. ಆ ನಿಯಮವನ್ನು ನಾನು ಆಕ್ಷೇಪಿಸುವವನಲ್ಲ. ಊರು ಬಿಟ್ಟು ಬಂದವರಿಗೆ ಊರಿನ ಕಾವಲಿನವರೊಡನೆ ಮುಖಪರಿಚಯವಿರುವುದು ಒಳ್ಳೆಯದೇ. ಅಧಿಕಾರಿಗಳಿಗೂ ಜನರನ್ನು ಫಿರ್ಯಾದಿ–ಆರೋಪಿಗಳೆಂಬ ಎರಡೇ ರೂಪದಲ್ಲಲ್ಲದೆ, ಮಕ್ಕಳ ನೃತ್ಯ ನೋಡಿ ಚಪ್ಪಾಳೆ ತಟ್ಟುವ ಗೃಹಸ್ಥರ ರೂಪದಲ್ಲಿಯೂ ಕಾಣುವ ಅವಕಾಶ ದೊರೆಯುತ್ತದೆ. ನನ್ನ ಅಸಮಾಧಾನವೆಲ್ಲ, ಅತಿಥಿಯ ಕೊರಳಿಗೆ ಹಾರ ಬೀಳುವ ಮುನ್ನ ಧ್ವನಿವರ್ಧಕದ ಮುಂದೆ ನಿಂತು ನಾವು ಓದುವ ಪರಿಚಯಪತ್ರವನ್ನು ಕುರಿತದ್ದು.

ಆ ಪತ್ರದಲ್ಲಿ ಇರುವುದಾದರೂ ಏನು? ಇಂಥ ವರ್ಷದ ಬ್ಯಾಚಿನವರು ಎಂಬುದೊಂದು, ಇಂಥ ಪದಕಕ್ಕೆ ಭಾಜನರಾದವರು ಎಂಬುದೊಂದು, ದಕ್ಷರು, ನಿಷ್ಠುರರು, ಸಿಂಹಸ್ವಪ್ನರು ಎಂಬ ವಿಶೇಷಣಗಳ ಸರಮಾಲೆಯೊಂದು. ಅತಿಥಿಗಳು ಕರ್ನಾಟಕ ಮೂಲದವರಾದರೆ, 'ನಮ್ಮವರು' ಎಂಬ ಕೊನೆಯ ಮಾತು ಮತ್ತು ಅದಕ್ಕೆ ತಪ್ಪದೆ ಬರುವ ಕರತಾಡನ. ಹೆಸರೊಂದನ್ನು ಬದಲಿಸಿದರೆ ಕಳೆದ ವರ್ಷದ ಕಾಗದವನ್ನೇ ಈ ವರ್ಷವೂ ಓದಬಹುದು. ಹಾಗೆ ಓದಿದ ಸಂದರ್ಭಗಳೂ ಉಂಟೆಂದು ನನ್ನ ಗುಮಾನಿ. ಅತಿಥಿಯು ಇಲಾಖೆಯನ್ನು ಯಾವ ಬಾಗಿಲಿನಿಂದ ಪ್ರವೇಶಿಸಿದರು, ಅದಕ್ಕೆ ಮುನ್ನ ಏನಾಗಿದ್ದರು, ಎಲ್ಲೆಲ್ಲಿ ಎಷ್ಟೆಷ್ಟು ಕಾಲ ಇದ್ದರು, ಬಿಟ್ಟು ಬಂದ ಊರಿನಲ್ಲಿ ಅವರ ಹೆಸರಿನೊಡನೆ ಜನ ಏನನ್ನು ನೆನೆಯುತ್ತಾರೆ—ಇವುಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರವಿಲ್ಲ. ಹಿರಿಯ ಪೊಲೀಸ್ ಅಧಿಕಾರಿಯ ವೃತ್ತಿಜೀವನವು ಸಾರ್ವಜನಿಕರು ಓದಿ ತಿಳಿಯಬೇಕಾದ ವಸ್ತುವೆಂದೂ, ಅದನ್ನು ಸರಿಯಾಗಿ ಓದಿ ಹೇಳುವುದು ಆತಿಥ್ಯದ ಅಂಗವೇ ಎಂದೂ ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.



ಈ ಜಿಜ್ಞಾಸೆ ನಮಗೇಕೆ ಎಂದು ಕೇಳುವವರಿಗೆ ಮೊದಲು ನಮ್ಮ ಊರಿನ ವ್ಯವಸ್ಥೆಯನ್ನೇ ಜ್ಞಾಪಿಸಬೇಕಾಗಿದೆ. ಸಿಡ್ಕೋ ಸಂಸ್ಥೆಯು 1970ರಲ್ಲಿ ಹುಟ್ಟಿ, ಕೊಲ್ಲಿಯಾಚೆಯ ಗದ್ದೆ, ಉಪ್ಪಿನ ಮಡಿಗಳ ಮೇಲೆ ಈ ನಗರವನ್ನು ನಕ್ಷೆ ಹಾಕಿ ಎಬ್ಬಿಸಿದಾಗ, ಇಲ್ಲಿಯ ಕಾನೂನು–ಸುವ್ಯವಸ್ಥೆ ಬಹುಕಾಲ ಥಾಣೆಯ ಕೈಯಲ್ಲಿತ್ತು. ಥಾಣೆ ಕಮಿಷನರೇಟ್ ಸ್ಥಾಪಿತವಾದದ್ದು 1981ರಲ್ಲಿ. ಕಲ್ಯಾಣ, ಡೊಂಬಿವಲಿ, ಭಿವಂಡಿ, ಉಲ್ಲಾಸನಗರಗಳು ಇಂದಿಗೂ ಅದರ ಅಧೀನ. ನವಿ ಮುಂಬಯಿಗೆ ಪ್ರತ್ಯೇಕ ಕಮಿಷನರೇಟ್ ದೊರೆತದ್ದು 1994ರ ಅಕ್ಟೋಬರಿನಲ್ಲಿ. ಬೇಲಾಪುರದಲ್ಲಿರುವುದು ಅದರ ಮುಖ್ಯ ಕಚೇರಿ. ಮೀರಾ–ಭಾಯಂದರ, ವಸಾಯಿ–ವಿರಾರಗಳಿಗೆ ಆ ಭಾಗ್ಯ ಬಂದದ್ದು ತೀರ ಈಚೆಗೆ, 2020ರಲ್ಲಿ. ಕಮಿಷನರೇಟ್ ಎಂದರೆ ಬರಿಯ ದೊಡ್ಡ ಕಚೇರಿಯೆಂದು ಬಗೆಯಬಾರದು. ಸಾಮಾನ್ಯ ಜಿಲ್ಲೆಯಲ್ಲಿ ಕಲೆಕ್ಟರರ ಕೈಯಲ್ಲಿರತಕ್ಕ ದಂಡಾಧಿಕಾರಗಳಲ್ಲಿ ಅನೇಕವು ಇಲ್ಲಿ ಪೊಲೀಸ್ ಆಯುಕ್ತರಿಗೇ ಸಲ್ಲುತ್ತವೆ. ಮೆರವಣಿಗೆಗೆ ಅನುಮತಿ ಕೊಡುವುದು, ಜನ ಗುಂಪುಗೂಡದಂತೆ ನಿಷೇಧಿಸುವುದು, ಒಬ್ಬನನ್ನು ತಡೀಪಾರು ಮಾಡಿ ಊರ ಗಡಿಯಾಚೆಗೆ ಕಳುಹಿಸುವುದು—ಇವೆಲ್ಲ ಒಂದೇ ಕಚೇರಿಯ ಮೇಜಿನ ಮೇಲೆ ನಿರ್ಧಾರವಾಗತಕ್ಕ ಸಂಗತಿಗಳು. ಇಷ್ಟು ಅಧಿಕಾರವನ್ನು ಕೈಯಲ್ಲಿ ಹಿಡಿದವರು ಎಲ್ಲಿಂದ ಬಂದವರು, ಹೇಗೆ ಬೆಳೆದವರು ಎಂಬುದನ್ನು ತಿಳಿಯಬಯಸುವುದು ಅಧಿಕಪ್ರಸಂಗವಾಗಲಾರದು.

ಬಾಗಿಲಿನ ಮಾತನ್ನು ಎತ್ತಿದೆನಷ್ಟೆ. ಅದೇ ಇಲ್ಲಿ ಮುಖ್ಯ. ಪೊಲೀಸ್ ಇಲಾಖೆಯು ಹೊರಗಿನಿಂದ ನೋಡುವವರಿಗೆ ಒಂದೇ ಖಾಕಿಯ ಒಂದೇ ಸೈನ್ಯದಂತೆ ತೋರಿದರೂ, ಒಳಗೆ ಹೋಗುವ ದಾರಿಗಳು ನಾಲ್ಕು. ಶಿಪಾಯಿಯಾಗಿ ಸೇರುವುದೊಂದು, ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಪಿ.ಎಸ್.ಐ., ಅಂದರೆ ಇಲ್ಲಿಯ ಜನ ಫೌಜದಾರನೆಂದು ಕರೆಯುವ ಉಪನಿರೀಕ್ಷಕನಾಗಿ ಸೇರುವುದೊಂದು. ಅದೇ ಆಯೋಗದ ಮೇಲಣ ಪರೀಕ್ಷೆಯಿಂದ ಡಿ.ವೈ.ಎಸ್.ಪಿ. ಆಗುವುದೊಂದು, ದಿಲ್ಲಿಯ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಐ.ಪಿ.ಎಸ್. ಎಂಬ ಅಖಿಲ ಭಾರತ ಸೇವೆಗೆ ಸೇರುವುದೊಂದು. ಮೊದಲ ದಾರಿಯಿಂದ ಬಂದವನು ಮೂವತ್ತು ಮೂವತ್ತೈದು ವರ್ಷ ಗಣೇಶೋತ್ಸವ, ಚುನಾವಣೆ, ಮೊಹರಂಗಳ ಬಂದೋಬಸ್ತಿನಲ್ಲಿ ಕಾಲು ಸವೆಸಿ, ಹವಾಲ್ದಾರನಾಗಿ, ಸಹಾಯಕ ಫೌಜದಾರನಾಗಿ ನಿವೃತ್ತನಾಗುತ್ತಾನೆ. ದೈವ ಒಲಿದರೆ, ಅಥವಾ ಇಲಾಖೆಯೊಳಗಿನ ಪರೀಕ್ಷೆ ಪಾಸಾದರೆ, ಫೌಜದಾರನಾಗುತ್ತಾನೆ. ನಾಲ್ಕನೆಯ ದಾರಿಯಿಂದ ಬಂದ ತರುಣನಾದರೋ, ಹೈದರಾಬಾದಿನ ಸರ್ದಾರ್ ಪಟೇಲ್ ಅಕಾಡೆಮಿಯಲ್ಲಿ ಶಿಕ್ಷಣ ಪಡೆದು, ಆ ಶಿಪಾಯಿ ಎಂದೂ ತಲುಪಲಾರದ ಮೆಟ್ಟಿಲಿನ ಮೇಲೆಯೇ ತನ್ನ ಮೊದಲ ಹೆಜ್ಜೆಯನ್ನಿಡುತ್ತಾನೆ. ಹದಿನಾಲ್ಕು ವರ್ಷಕ್ಕೆ ಡಿ.ಐ.ಜಿ., ಹದಿನೆಂಟಕ್ಕೆ ಐ.ಜಿ., ಇಪ್ಪತ್ತೈದಕ್ಕೆ ಅಪರ ಮಹಾನಿರ್ದೇಶಕನಾಗುವ ಅರ್ಹತೆ ಅವನಿಗೆ ಕಾಲಕ್ರಮದಿಂದ ಒದಗುತ್ತದೆ. ಐ.ಪಿ.ಎಸ್. ಹುದ್ದೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ರಾಜ್ಯಸೇವೆಯಿಂದ ಬಡ್ತಿ ಪಡೆದವರಿಗೆ ಮೀಸಲಿಟ್ಟಿದ್ದಾರೆ. ಆದರೆ ಅವರು ಅಲ್ಲಿಗೆ ತಲುಪುವ ವೇಳೆಗೆ ತಲೆ ನರೆತಿರುವುದರಿಂದ, ತುತ್ತತುದಿಯ ಕುರ್ಚಿಗಳು ಅವರಿಗೆ ಎಟುಕುವುದು ಅಪರೂಪ.

ಈ ಭೇದವು ನಾವು ಸೃಷ್ಟಿಸಿದ್ದೂ ಅಲ್ಲ, ಸ್ವತಂತ್ರ ಭಾರತ ಬೇಕೆಂದು ಆರಿಸಿಕೊಂಡದ್ದೂ ಅಲ್ಲ. ಆಂಗ್ಲರು ಬಿಟ್ಟುಹೋದ ಆಸ್ತಿ. 1861ರ ಪೊಲೀಸ್ ಕಾಯಿದೆಯ ಕಾಲಕ್ಕೆ ಸೂಪರಿಂಟೆಂಡೆಂಟನೆಂದರೆ ಬಿಳಿಯನೆಂದೇ ಅರ್ಥವಿತ್ತು. 1902–03ರ ಫ್ರೇಜರ್ ಆಯೋಗವು ಇಲಾಖೆಯ ದುಃಸ್ಥಿತಿಯನ್ನು ವಿಚಾರಿಸಿದಾಗಲೂ, ಓದಿದ ಭಾರತೀಯರಿಗಾಗಿ ಉಪನಿರೀಕ್ಷಕ ಮತ್ತು ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಬೇರೆ ಬಾಗಿಲುಗಳನ್ನು ಸೂಚಿಸಿತೇ ಹೊರತು, ದೊರೆಗಳ ಬಾಗಿಲನ್ನು ತೆರೆಯಲಿಲ್ಲ. ಅದು ಅಲ್ಪಸ್ವಲ್ಪವಾಗಿ ತೆರೆದದ್ದು 1920ರ ದಶಕದಲ್ಲಿ. ಮುಂಬಯಿ ನಗರವು ತನ್ನ ಮೊದಲ ಭಾರತೀಯ ಆಯುಕ್ತರಾದ ಜೆ. ಎಸ್. ಭರುಚಾರನ್ನು ಕಂಡದ್ದು 1947ರಲ್ಲಿ. ಬಿಳಿಯರು ಹೋದರು, ಬಾಗಿಲುಗಳು ನಾಲ್ಕಾಗಿಯೇ ಉಳಿದವು.

ಇದನ್ನು ತಿಳಿಯಲು ಪುಸ್ತಕ ಬೇಕಾಗಿಲ್ಲ, ಹೆಗಲನ್ನು ನೋಡಿದರೆ ಸಾಕು. ನಮ್ಮ ಓಣಿಯಲ್ಲಿ ವಾಸಿಸುವ, ಸಾತಾರಾ ಕಡೆಯ ಸಹಾಯಕ ಫೌಜದಾರರೊಬ್ಬರು ನನಗೆ ಈ ಲಿಪಿಯನ್ನು ಕಲಿಸಿದರು. ಎರಡು ನಕ್ಷತ್ರ, ತುದಿಯಲ್ಲಿ ಕೆಂಪು–ನೀಲಿಯ ಪಟ್ಟಿಯಿದ್ದರೆ ಪಿ.ಎಸ್.ಐ.; ಮೂರು ನಕ್ಷತ್ರದೊಡನೆ ಅದೇ ಪಟ್ಟಿಯಿದ್ದರೆ ಇನ್‌ಸ್ಪೆಕ್ಟರ್; ಮೂರು ನಕ್ಷತ್ರವಿದ್ದು ಪಟ್ಟಿ ಮಾಯವಾಗಿದ್ದರೆ ಎ.ಸಿ.ಪಿ.; ರಾಷ್ಟ್ರಲಾಂಛನದ ಸಿಂಹಗಳು ಕಾಣಿಸಿಕೊಂಡರೆ ಅಲ್ಲಿಂದ ಮೇಲೆ; ಅಡ್ಡಹಾಯ್ದ ಖಡ್ಗ–ದಂಡಗಳು ಕಂಡರೆ ಮಹಾನಿರೀಕ್ಷಕರ ಲೋಕ. ಅವರು ಇಷ್ಟು ಹೇಳಿ, ಭುಜಪಟ್ಟಿಯ ಬುಡದಲ್ಲಿರುವ ಪುಟ್ಟ ಹಿತ್ತಾಳೆ ಅಕ್ಷರಗಳತ್ತ ಬೊಟ್ಟು ಮಾಡಿ, "ಸಾಹೇಬ, ಮೇಲಿನ ನಕ್ಷತ್ರಕ್ಕಿಂತ ಕೆಳಗಿನ ಈ ಅಕ್ಷರವನ್ನು ನಾವು ಮೊದಲು ನೋಡುತ್ತೇವೆ" ಎಂದರು. ಆ ಅಕ್ಷರಗಳು ಹೇಳುವುದು ಯಾವ ಸೇವೆ ಎಂಬುದನ್ನು. ಎಂದರೆ, ಯಾವ ಬಾಗಿಲು ಎಂಬುದನ್ನು. ಮೂವತ್ತು ವರ್ಷ ಸೇವೆ ಮಾಡಿದವರ ದೃಷ್ಟಿ ತಾನಾಗಿಯೇ ಮೊದಲು ಹೋಗುವ ಜಾಗವನ್ನು ನಮ್ಮ ಪರಿಚಯಪತ್ರವು ಹಾರಿಸಿ ಹೋಗುವುದು ಉಚಿತವೆ?

ಬೇರೆ ಬೇರೆ ಬಾಗಿಲುಗಳ ಜನ ಒಂದೇ ರಾತ್ರಿಯಲ್ಲಿ ಒಂದೇ ಮೃತ್ಯುವಿನೆದುರು ನಿಂತ ಸಂದರ್ಭವನ್ನು ಈ ಮಹಾನಗರ ಕಂಡಿದೆ. 2008ರ ನವೆಂಬರ್ 26ರ ಉಗ್ರರ ದಾಳಿಯಲ್ಲಿ ಮಡಿದ ಹೇಮಂತ ಕರ್ಕರೆಯವರು 1982ರ ಐ.ಪಿ.ಎಸ್. ಬ್ಯಾಚಿನವರು, ಅಶೋಕ ಕಾಮಟೆಯವರು 1989ರವರು, ಅವರೊಡನೆ ಅದೇ ವಾಹನದಲ್ಲಿ ಪ್ರಾಣಬಿಟ್ಟ ವಿಜಯ ಸಾಲಸ್ಕರರು 1983ರಲ್ಲಿ ಪಿ.ಎಸ್.ಐ. ಆಗಿ ಸೇರಿ ಇನ್‌ಸ್ಪೆಕ್ಟರ್ ಆಗಿದ್ದವರು. ಗಿರಗಾಂವ್ ಚೌಪಾಟಿಯಲ್ಲಿ ಲಾಠಿಯೊಂದನ್ನೇ ಹಿಡಿದು ನಿಂತು, ಬಂದೂಕಿನ ನಳಿಗೆಯನ್ನು ಎರಡೂ ಕೈಗಳಿಂದ ಬಿಗಿಹಿಡಿದು ಉಗ್ರ ಕಸಬನನ್ನು ಜೀವಸಹಿತ ಸೆರೆ ಸಿಗುವಂತೆ ಮಾಡಿದ ತುಕಾರಾಮ ಓಂಬಳೆಯವರು, ಸೈನ್ಯದ ಸಿಗ್ನಲ್ ವಿಭಾಗದಲ್ಲಿ ಸೇವೆ ಮುಗಿಸಿ 1991ರಲ್ಲಿ ಶಿಪಾಯಿಯಾಗಿ ಸೇರಿ, ಸಹಾಯಕ ಫೌಜದಾರರ ಮಟ್ಟಕ್ಕೆ ಬಂದಿದ್ದ ಸಾತಾರಾ ಜಿಲ್ಲೆಯ ಹಳ್ಳಿಯವರು. ನಮ್ಮ ಕೋಪರಖೈರಣೆಯ ಮಾಥಾಡಿ (ಹೊರೆ ಹೊರುವ) ಕಾರ್ಮಿಕರ ವಸತಿಗಳಲ್ಲಿರುವ ಎಷ್ಟೋ ಕುಟುಂಬಗಳ ಮೂಲವೂ ಅದೇ ಸೀಮೆ. ಸರಕಾರವು ಈ ನಾಲ್ವರಿಗೂ ಮರುವರ್ಷದ ಗಣರಾಜ್ಯದಿನದಂದು ಅಶೋಕಚಕ್ರವನ್ನೇ ಇತ್ತಿತು. ಮರಣೋತ್ತರವಾಗಿ ಇಲ್ಲವಾದ ಈ ಭೇದವು ಬದುಕಿರುವಾಗ ಎಷ್ಟು ಬಲವಾಗಿರುತ್ತದೆಂಬುದನ್ನು ಅರಿತವರಿಗೆ ಆ ಸಮಾನ ಗೌರವದ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಕರ್ಕರೆಯವರ ಹಿನ್ನೆಲೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಅವರು ನಾಗಪುರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಶಾಸ್ತ್ರ ಓದಿ, ಹಿಂದುಸ್ತಾನ್ ಲೀವರ್ ಸಂಸ್ಥೆಯಲ್ಲಿ ಕೆಲಕಾಲವಿದ್ದು, ಆಮೇಲೆ ಪೊಲೀಸ್ ಸೇವೆಗೆ ಬಂದವರು. 2016ರಿಂದ 2018ರವರೆಗೆ ನಮ್ಮ ನವಿ ಮುಂಬಯಿಗೇ ಆಯುಕ್ತರಾಗಿದ್ದು, 2021ರಲ್ಲಿ ಮುಂಬಯಿ ಆಯುಕ್ತರಾದ ಹೇಮಂತ ನಗ್ರಾಳೆಯವರು, ಚಂದ್ರಪುರ ಜಿಲ್ಲೆಯ ಭದ್ರಾವತಿಯಿಂದ ಹೊರಟು, ಅದೇ ಕಾಲೇಜಿನಲ್ಲಿ ಅದೇ ಯಂತ್ರಶಾಸ್ತ್ರವನ್ನು ಕಲಿತು, 1987ರಲ್ಲಿ ಐ.ಪಿ.ಎಸ್. ಸೇರಿದವರು. ಆ ಕಾಲೇಜಿಗೆ ಇಟ್ಟಿರುವ ಹೆಸರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದು. ಮೈಸೂರಿನ ಇಂಜಿನಿಯರರ ಹೆಸರು ಹೊತ್ತ ಕಾಲೇಜಿನಿಂದ ಮಹಾರಾಷ್ಟ್ರದ ಇಬ್ಬರು ಪ್ರಸಿದ್ಧ ಪೊಲೀಸ್ ಅಧಿಕಾರಿಗಳು ಹೊರಬಂದರೆಂಬ ಒಂದು ವಾಕ್ಯ ನಮ್ಮ ಪರಿಚಯಪತ್ರಗಳಲ್ಲಿದ್ದಿದ್ದರೆ, ಹತ್ತು 'ದಕ್ಷ'ಗಳನ್ನು ಸಂತೋಷದಿಂದ ಬಿಟ್ಟುಕೊಡಬಹುದಾಗಿತ್ತು. ಜುಯಿನಗರದ ಬ್ಯಾಂಕಿಗೆ ಪಕ್ಕದ ಅಂಗಡಿಯಿಂದ ಸುರಂಗ ಕೊರೆದು ಲಾಕರುಗಳನ್ನು ದೋಚಿದ 2017ರ ಪ್ರಕರಣ ನಡೆದದ್ದೂ ನಗ್ರಾಳೆಯವರ ಕಾಲದಲ್ಲಿಯೇ. ಆ ಕಳ್ಳರ ಭೂಗತ ಕೌಶಲವನ್ನು ಕಂಡು ಇಂಜಿನಿಯರ್ ಆಯುಕ್ತರು ಮನಸ್ಸಿನಲ್ಲಿ ಏನೆಂದುಕೊಂಡರೋ ಎಂದು ನಾನು ಕೆಲವೊಮ್ಮೆ ಯೋಚಿಸಿದ್ದುಂಟು.

ಹಿನ್ನೆಲೆಯೆಂದರೆ ಪದವಿಯಷ್ಟೇ ಅಲ್ಲವಷ್ಟೆ. ಮೀರಾ–ಭಾಯಂದರ ಕಮಿಷನರೇಟಿನ ಮೊದಲ ಆಯುಕ್ತರಾದ ಸದಾನಂದ ದಾತೆಯವರು ಹುಡುಗನಾಗಿದ್ದಾಗ ಪುಣೆಯಲ್ಲಿ ಮನೆಮನೆಗೆ ವೃತ್ತಪತ್ರಿಕೆ ಹಂಚಿ ಓದಿದವರೆಂಬುದು ಪ್ರಸಿದ್ಧವಾದ ವಿಷಯ. 1990ರಲ್ಲಿ ಐ.ಪಿ.ಎಸ್. ಸೇರಿದ ಮೇಲೆಯೂ ಓದು ನಿಲ್ಲಿಸದೆ ಆರ್ಥಿಕ ಅಪರಾಧಗಳನ್ನೇ ವಿಷಯವಾಗಿಟ್ಟುಕೊಂಡು ಪುಣೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದೇ 2008ರ ದಾಳಿಯ ರಾತ್ರಿ ಕಾಮಾ ಆಸ್ಪತ್ರೆಯ ಮೇಲಂತಸ್ತಿನಲ್ಲಿ ಉಗ್ರರನ್ನು ಎದುರಿಸಿ ಗ್ರೆನೇಡಿನಿಂದ ಗಾಯಗೊಂಡರು. 2024ರಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯ ಮಹಾನಿರ್ದೇಶಕರಾದರು. ಪತ್ರಿಕೆಯ ಕಟ್ಟು, ಪ್ರಬಂಧದ ಹಸ್ತಪ್ರತಿ, ಗ್ರೆನೇಡಿನ ಚೂರು—ಇವು ಒಬ್ಬನೇ ಮನುಷ್ಯನ ಜೀವನದಲ್ಲಿ ಬಂದುಹೋದವೆಂದು ತಿಳಿದಾಗ ಶ್ರೋತೃಗಳಿಗೆ ಆಗುವ ಪರಿಚಯವೇ ಬೇರೆ.

ಇನ್ನು ನಮ್ಮವರೆಂದು ನಾವು ಹೆಮ್ಮೆಪಡುವವರ ಮಾತು. ಮುಂಬಯಿಯ ತುಳು–ಕನ್ನಡಿಗರಲ್ಲಿ ದಯಾ ನಾಯಕರ ಕಥೆ ತಿಳಿಯದ ಮನೆ ಕಡಿಮೆ. ಕಾರ್ಕಳ ತಾಲೂಕಿನ ಎಣ್ಣೆಹೊಳೆಯಿಂದ 1979ರಲ್ಲಿ ಬಾಲಕನಾಗಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿಯುತ್ತ, ರಾತ್ರಿ ಶಾಲೆಯಲ್ಲಿ ಓದುತ್ತ, ಪದವೀಧರನಾಗಿ, 1995ರಲ್ಲಿ ಪಿ.ಎಸ್.ಐ. ಆದವರು. ಇದು ಒಬ್ಬನ ಸಾಹಸವಾದರೂ ಒಬ್ಬನಿಂದಲೇ ಸಾಧ್ಯವಾದದ್ದಲ್ಲ. ಹಗಲೆಲ್ಲ ಟೇಬಲ್ಲು ಒರೆಸಿ, ಲೋಟ ತೊಳೆದ ಹುಡುಗರು ರಾತ್ರಿ ಪಾಟಿ ಹಿಡಿಯಲೆಂದು ಮೊಗವೀರ ಮಂಡಳಿಯಂಥ ನಮ್ಮ ಹಿರಿಯ ಸಂಸ್ಥೆಗಳು ಈ ಮಹಾನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಪುಣ್ಯಕಾಲದಲ್ಲಿ, ದುಡಿಯುವ ಹುಡುಗ ಓದಬಲ್ಲನೆಂಬ ನಂಬಿಕೆ ಹೋಟೆಲಿನ ಅಡುಗೆಮನೆಯವರೆಗೂ ಹಬ್ಬಿತ್ತು. ಆ ಶಾಲೆಗಳಿಂದ ವಕೀಲರು, ಬ್ಯಾಂಕ್ ನೌಕರರು, ಲೇಖಕರು ಹೊರಟಂತೆ ಫೌಜದಾರರೂ ಹೊರಟರು. ಆದರೆ ದಯಾ ನಾಯಕರನ್ನು ಸ್ತುತಿಸುವ ನಾಲಿಗೆಗಳು ಮೆಚ್ಚಿ ಎಣಿಸುವುದು ಎನ್‌ಕೌಂಟರುಗಳನ್ನು. ಇದು ನನಗೆ ಸಮ್ಮತವಲ್ಲ. ಪೊಲೀಸರ ಗುಂಡಿಗೆ ಸತ್ತವರ ಸಂಖ್ಯೆ ಯಾವ ಅಧಿಕಾರಿಯ ಪರಿಚಯದಲ್ಲಿಯೂ ಅಲಂಕಾರವಾಗತಕ್ಕದ್ದಲ್ಲ. ಮುಂಬಯಿಯ ಅಂಥ ಪ್ರಕರಣಗಳ ಮೇಲೆ ಹೂಡಿದ ದಾವೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರಿನಲ್ಲಿ, ಪ್ರತಿಯೊಂದು ಸಾವನ್ನೂ ಸ್ವತಂತ್ರವಾಗಿ ತನಿಖೆ ಮಾಡಬೇಕೆಂದೂ, ತನಿಖೆ ಮುಗಿದು ಶೌರ್ಯ ನಿಸ್ಸಂದೇಹವಾಗಿ ಸಿದ್ಧವಾಗುವವರೆಗೆ ಪದಕ–ಬಡ್ತಿಗಳನ್ನು ಕೊಡಕೂಡದೆಂದೂ ವಿಧಿಸಿತು. ನ್ಯಾಯಾಲಯವೇ ತಡೆಹಿಡಿದ ಪ್ರಶಂಸೆಯನ್ನು ನಮ್ಮ ನಿರೂಪಕರು ಧ್ವನಿವರ್ಧಕದಲ್ಲಿ ಹಂಚುವುದು ಯಾವ ಔಚಿತ್ಯ? ಆರೋಪ, ಬಂಧನ, ಅಮಾನತು, ಮರಳಿ ಸೇವೆ—ಇವೆಲ್ಲವನ್ನು ಕಂಡು, ಮೂವತ್ತು ವರ್ಷಗಳ ಬಳಿಕ 2025ರ ಜುಲೈ ಅಂತ್ಯದಲ್ಲಿ ಎ.ಸಿ.ಪಿ. ಆಗಿ ನಾಯಕರು ನಿವೃತ್ತರಾದರು. ದೇಶವೇ ಹೆಸರು ಬಲ್ಲ ಅಧಿಕಾರಿಗೂ, ಎರಡನೆಯ ಬಾಗಿಲಿನಿಂದ ಬಂದದ್ದರಿಂದ, ಮೂರು ನಕ್ಷತ್ರವೇ ಕೊನೆಯ ನಿಲ್ದಾಣವಾಯಿತು. ಇಪ್ಪತ್ತೇಳು ವರ್ಷ ವಯಸ್ಸಿನ ಐ.ಪಿ.ಎಸ್. ತರುಣನೊಬ್ಬ ಪ್ರಯಾಣ ಆರಂಭಿಸುವುದು ಆ ನಿಲ್ದಾಣದ ಆಸುಪಾಸಿನಿಂದಲೇ. ಹುಟ್ಟೂರಿನಲ್ಲಿ ತಾಯಿಯ ಹೆಸರಿನಲ್ಲಿ ಅವರು ಕಟ್ಟಿಸಿದ ಶಾಲೆ, ಮತ್ತು ಈ ಅಂತರ—ಇವೆರಡನ್ನು ಹೇಳಿದರೆ ನಮ್ಮ ಮಕ್ಕಳಿಗೆ ಹೆಚ್ಚು ಉಪಕಾರವಾದೀತು.

ಅದೇ ಕರಾವಳಿಯ ಇನ್ನೊಬ್ಬರನ್ನು ನಮ್ಮ ವೇದಿಕೆಗಳು ಸಾಕಷ್ಟು ನೆನೆಯಲಿಲ್ಲವೆಂದು ನನಗೆ ಕೊರಗಿದೆ. 'ಮುಂಗಾರು' ಪತ್ರಿಕೆಯನ್ನು ಕಟ್ಟಿದ ವಡ್ಡರ್ಸೆ ರಘುರಾಮ ಶೆಟ್ಟರ ಮಗ ಮಧುಕರ ಶೆಟ್ಟರು 1999ರ ಐ.ಪಿ.ಎಸ್. ಬ್ಯಾಚಿನವರು, ಕರ್ನಾಟಕ ಕೇಡರಿನವರು. ತಂದೆಯ ಮನೆಯಲ್ಲಿ ಕಂಡ ಪತ್ರಿಕಾಧರ್ಮದ ನಿರ್ಭೀತಿಯನ್ನು ಮಗ ಖಾಕಿಯೊಳಗೆ ತಂದರೆಂದು ಹೇಳಿದರೆ ಅತಿಶಯೋಕ್ತಿಯಾಗದು. ಚಿಕ್ಕಮಗಳೂರಿನಲ್ಲಿ ಎಸ್.ಪಿ. ಆಗಿದ್ದಾಗ, ಜಿಲ್ಲಾಧಿಕಾರಿ ಹರ್ಷ ಗುಪ್ತರೊಡನೆ ಸೇರಿ ಬಲಾಢ್ಯರ ಒತ್ತುವರಿಯನ್ನು ಬಿಡಿಸಿ ಆ ನೆಲವನ್ನು ಬಡ ದಲಿತ ಕುಟುಂಬಗಳಿಗೆ ದೊರಕಿಸಿದರು. ಅಲ್ಲಿ ನೆಲೆನಿಂತ ಜನ ತಮ್ಮ ಹಟ್ಟಿಗೆ ಗುಪ್ತಶೆಟ್ಟಿಹಳ್ಳಿ ಎಂದೇ ನಾಮಕರಣ ಮಾಡಿದರು. ಲೋಕಾಯುಕ್ತದಲ್ಲಿ ಅವರು ಮಾಡಿದ ಕೆಲಸ ಸರ್ವವಿದಿತ. ಆಮೇಲೆ ಅಮೆರಿಕಕ್ಕೆ ಹೋಗಿ ಸಾರ್ವಜನಿಕ ಆಡಳಿತವನ್ನು ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದು ಬಂದು, ಹೈದರಾಬಾದಿನ ಪೊಲೀಸ್ ಅಕಾಡೆಮಿಯಲ್ಲಿ ಎಳೆಯ ಅಧಿಕಾರಿಗಳಿಗೆ ಪಾಠ ಹೇಳುತ್ತಿದ್ದಾಗ, 2018ರ ಡಿಸೆಂಬರಿನಲ್ಲಿ ತೀರಿಕೊಂಡರು. ಪದಕದ ಪಟ್ಟಿಯಿಂದ ಇಂಥವರನ್ನು ಅಳೆಯಲು ಹೊರಟರೆ ಗುಪ್ತಶೆಟ್ಟಿಹಳ್ಳಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

'ನಮ್ಮವರು' ಎಂಬ ಮಾತಿನ ವಿಷಯದಲ್ಲಿಯೂ ಸ್ವಲ್ಪ ವಿವೇಕ ಬೇಕಾಗಿದೆ. ಅಧಿಕಾರಿಗಳನ್ನು ರಾಜ್ಯ ರಾಜ್ಯಗಳಿಗೆ ಹಂಚುವ ಅಖಿಲ ಭಾರತ ಸೇವೆಯ ಕೇಡರ್ ಪದ್ಧತಿಯ ಉದ್ದೇಶಗಳಲ್ಲೊಂದು, ಅಧಿಕಾರಿಯು ತನ್ನ ಜಾತಿ–ಬಂಧು–ಬಳಗದ ಹಂಗಿಲ್ಲದ ನೆಲದಲ್ಲಿ ನಿಂತು ಕೆಲಸ ಮಾಡಲೆಂಬುದೇ ಆಗಿದೆ. ಪಂಜಾಬಿನ ಜೋಗಿಂದರ್ ಸಿಂಗರು ಕರ್ನಾಟಕ ಕೇಡರಿನಲ್ಲಿ ಬೆಳೆದು ಕೇಂದ್ರ ತನಿಖಾ ಸಂಸ್ಥೆಗೆ ಮುಖ್ಯಸ್ಥರಾದರು; ತಮಿಳುನಾಡಿನ ಡಿ. ಆರ್. ಕಾರ್ತಿಕೇಯನ್ ಅವರೂ, ಹಿಮಾಚಲದ ಪ್ರವೀಣ್ ಸೂದ್ ಅವರೂ ಅದೇ ದಾರಿಯಲ್ಲಿ ನಡೆದವರು. ಮಿಜೋರಾಮಿನ 'ಲಾಲ್‌ರೊಖುಮಾ ಪಚಾವ್' ಅವರು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದರು. ಗೋವಾ ಮೂಲದ ಜೂಲಿಯೊ ರಿಬೇರೊ ಅವರನ್ನು ಮುಂಬಯಿ ತನ್ನವರೆಂದುಕೊಂಡಿತು. ಉಗ್ರವಾದ ಹೊತ್ತಿ ಉರಿಯುತ್ತಿದ್ದ 1986ರಲ್ಲಿ ಪಂಜಾಬು ಕರೆದಾಗ ಅವರು ಹೋದರು. ಇವರಾರನ್ನೂ ಆಯಾ ನೆಲದವರು ಊರಿನ ಹೆಸರು ಕೇಳಿ ಒಪ್ಪಿಕೊಂಡದ್ದಲ್ಲ. ಅಂದ ಮೇಲೆ ವೇದಿಕೆಯ ಮೇಲಿರುವವರು ವಿದರ್ಭದವರೋ ಬಿಹಾರದವರೋ ಆಗಿದ್ದರೆ ನಮ್ಮ ಚಪ್ಪಾಳೆ ಏಕೆ ಕುಗ್ಗಬೇಕು? ಮಹಿಳೆಯರ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಕರ್ನಾಟಕ 2017ರಲ್ಲಿ ನೀಲಮಣಿ ರಾಜು ಅವರನ್ನೂ, ಮಹಾರಾಷ್ಟ್ರ 2024ರಲ್ಲಿ ರಶ್ಮಿ ಶುಕ್ಲಾ ಅವರನ್ನೂ ತಮ್ಮ ತಮ್ಮ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥರನ್ನಾಗಿ ಕಂಡಿದ್ದರೂ, ನಮ್ಮ ವೇದಿಕೆಗಳಿಗೆ ಮಹಿಳಾ ಅಧಿಕಾರಿಗಳನ್ನು ಮಾರ್ಚ್ ತಿಂಗಳಿನಲ್ಲಿ ಮಾತ್ರ ಕರೆಯುವ ರೂಢಿ ಇನ್ನೂ ತಪ್ಪಿಲ್ಲ.

ಒಬ್ಬ ಅಧಿಕಾರಿಯ ಗುಣವನ್ನು ತಿಳಿಯಲು ಇನ್ನೂ ಒಂದು ದಾಖಲೆಯಿದೆ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೂ ಬೇಕಾಗಿಲ್ಲ. ಠಾಣೆಗೆ ಪಾಸ್‌ಪೋರ್ಟಿನ ವಿಚಾರಣೆಗೋ, ಬಾಡಿಗೆದಾರರ ಮಾಹಿತಿ ಕೊಡುವುದಕ್ಕೋ ಹೋದಾಗ, ಸೀನಿಯರ್ ಇನ್‌ಸ್ಪೆಕ್ಟರರ ಕೊಠಡಿಯಲ್ಲಿ ಅವರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಒಂದು ಮರದ ಹಲಗೆಯನ್ನು ತಾವು ನೋಡಿರಬಹುದು. ಅನುಕ್ರಮ ಸಂಖ್ಯೆ, ಹೆಸರು, ಎಂದಿನಿಂದ, ಎಂದಿನವರೆಗೆ ಎಂದು ಮರಾಠಿಯಲ್ಲಿ ಬರೆದ ನಾಲ್ಕು ಅಂಕಣಗಳು. ಹೆಸರುಗಳನ್ನು ಬಿಟ್ಟು ಬರಿಯ ದಿನಾಂಕಗಳನ್ನೇ ಮೇಲಿನಿಂದ ಕೆಳಕ್ಕೆ ಓದುತ್ತ ಬನ್ನಿರಿ. ಒಬ್ಬರು ಮೂರು ವರ್ಷ ಇದ್ದಾರೆ. ಒಬ್ಬರು ಹನ್ನೊಂದು ತಿಂಗಳು. ಒಬ್ಬರು ಮಳೆಗಾಲದಲ್ಲಿ ಬಂದು ದೀಪಾವಳಿಗೆ ಮುನ್ನ ಹೊರಟುಹೋಗಿದ್ದಾರೆ. ಆ ಎರಡು ಅಂಕಣಗಳ ನಡುವೆ ವರ್ಗಾವಣೆಯ ರಾಜಕಾರಣವೆಲ್ಲ ಅಡಗಿದೆ. ಉತ್ತರಪ್ರದೇಶದಲ್ಲಿಯೂ ಅಸ್ಸಾಮಿನಲ್ಲಿಯೂ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗರು ನಿವೃತ್ತಿಯ ಬಳಿಕ ಸುಮ್ಮನಿರದೆ ಹೂಡಿದ ದಾವೆಯಲ್ಲಿ, 2006ರ ಸೆಪ್ಟೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯವು, ಮಹಾನಿರ್ದೇಶಕರಿಂದ ಹಿಡಿದು ಠಾಣಾಧಿಕಾರಿಯವರೆಗೆ ಕನಿಷ್ಠ ಎರಡು ವರ್ಷ ಒಂದೆಡೆ ಇರಗೊಡಬೇಕೆಂದು ಆಜ್ಞೆ ಮಾಡಿದ್ದೂ, ಮಹಾರಾಷ್ಟ್ರ 2014ರಲ್ಲಿ ತನ್ನ ಪೊಲೀಸ್ ಕಾಯಿದೆಗೆ ಅದಕ್ಕನುಗುಣವಾದ ತಿದ್ದುಪಡಿ ತಂದದ್ದೂ ಈ ರೋಗದ ಚಿಕಿತ್ಸೆಗೇ. ಔಷಧಿ ಎಷ್ಟು ಹಿಡಿಯಿತೆಂಬುದನ್ನು ಆ ಹಲಗೆಯೇ ಹೇಳುತ್ತದೆ.

ಒಂದೆಡೆ ನೆಲೆನಿಂತವನು ಏನು ಮಾಡಬಲ್ಲನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1984ರಲ್ಲಿ ಕೋಮುಗಲಭೆಯಿಂದ ಬೆಂದುಹೋದ ಭಿವಂಡಿಗೆ ಆ ದಶಕದ ಕೊನೆಯಲ್ಲಿ ಡಿ.ಸಿ.ಪಿ. ಆಗಿ ಬಂದ ಸುರೇಶ ಖೋಪಡೆಯವರು, ಓಣಿ ಓಣಿಗಳಲ್ಲಿ ಹಿಂದೂ ಮುಸಲ್ಮಾನರನ್ನು ಒಟ್ಟಿಗೆ ಕೂರಿಸಿ ಮೊಹಲ್ಲಾ ಸಮಿತಿಗಳನ್ನು ರಚಿಸಿದರು. ದೊಡ್ಡ ಮಾತುಗಳ ಸಭೆಗಳಲ್ಲ. ನಲ್ಲಿಯ ನೀರು, ಮಗ್ಗದ ಬಾಡಿಗೆ, ಹುಡುಗರ ಜಗಳ ಇಂಥವನ್ನು ಠಾಣೆಯವರ ಸಮಕ್ಷಮ ಮಾತಾಡಿ ಮುಗಿಸುವ ಕೂಟಗಳು. 1992–93ರಲ್ಲಿ ಮುಂಬಯಿ ಹೊತ್ತಿ ಉರಿದಾಗ, ಎಲ್ಲರೂ ಹೆದರಿದ್ದ ಭಿವಂಡಿ ಶಾಂತವಾಗಿತ್ತು. ಥಾಣೆ–ಕಲ್ಯಾಣಗಳ ನಮ್ಮ ಬಂಧುಗಳಲ್ಲಿ ಮಗ್ಗದ ವ್ಯವಹಾರವಿದ್ದ ಹಿರಿಯರನ್ನು ಕೇಳಿದರೆ ಆ ದಿನಗಳನ್ನು ಇಂದಿಗೂ ಹೇಳಿಯಾರು. ಆಗದೇ ಹೋದ ಗಲಭೆಗೆ ಪದಕ ಕೊಡುವ ಪದ್ಧತಿ ಸರಕಾರದಲ್ಲಿಲ್ಲ. ಅದನ್ನು ನೆನೆಯುವ ಕೆಲಸ ನಮ್ಮಂಥ ಸಂಘಗಳದ್ದು.

ಈಗ ನನ್ನ ಬಿನ್ನಹಗಳು. ಮುಂದಿನ ಸಮಾರಂಭಕ್ಕೆ ಅಧಿಕಾರಿಗಳನ್ನು ಆಮಂತ್ರಿಸಿದಾಗ, ಅವರ ಕಚೇರಿ ಕಳುಹಿಸಿದ ಕಾಗದವನ್ನು ಯಥಾವತ್ತಾಗಿ ಓದದೆ, ಯಾವ ಸೇವೆಯಿಂದ ಬಂದರು, ಅದಕ್ಕೆ ಮುನ್ನ ಏನು ಓದಿದರು, ಎಲ್ಲಿ ಎಷ್ಟು ಕಾಲ ಇದ್ದರು, ಯಾವ ಕೆಲಸಕ್ಕಾಗಿ ಅಲ್ಲಿಯ ಜನ ನೆನೆಯುತ್ತಾರೆ ಎಂಬುದನ್ನು ಮುಂಚಿತವಾಗಿ ಅವರನ್ನೇ ವಿಚಾರಿಸಿ ಬರೆದುಕೊಳ್ಳಿರಿ. ಸಜ್ಜನರಾದ ಯಾವ ಅಧಿಕಾರಿಯೂ ಇದಕ್ಕೆ ಬೇಸರಪಡಲಾರರೆಂದು ನನ್ನ ಭಾವನೆ. ಎಸ್.ಪಿ., ಡಿ.ಸಿ.ಪಿ.ಗಳೊಡನೆ ಅದೇ ಸಾಲಿನ ಕುರ್ಚಿಯಲ್ಲಿ, ನಮ್ಮದೇ ಠಾಣೆಯಿಂದ ಆ ವರ್ಷ ನಿವೃತ್ತರಾಗುವ ಒಬ್ಬ ಹವಾಲ್ದಾರರನ್ನೋ ಸಹಾಯಕ ಫೌಜದಾರರನ್ನೋ ಪತ್ನೀಸಮೇತ ಕೂರಿಸಿರಿ. ಅವರ ಪರಿಚಯವೂ ಅಷ್ಟೇ ಉದ್ದವಿರಲಿ.

ನಮ್ಮ ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಮಾತು ನನಗೆ ಇವೆಲ್ಲಕ್ಕಿಂತ ಜರೂರಿನದೆಂದು ತೋರುತ್ತದೆ. 'ನೀವೂ ಪೊಲೀಸ್ ಅಧಿಕಾರಿಗಳಾಗಿ' ಎಂದು ಪ್ರತಿಯೊಬ್ಬ ಅತಿಥಿಯೂ ಉಪದೇಶಿಸಿ ಹೋಗುತ್ತಾರೆ. ಹೇಗೆಂಬುದನ್ನು ಯಾರೂ ಹೇಳುವುದಿಲ್ಲ. ಮಹಾರಾಷ್ಟ್ರ ಆಯೋಗದ ಪಿ.ಎಸ್.ಐ. ಪರೀಕ್ಷೆಗೆ ಮರಾಠಿ ಬೇಕೇ ಬೇಕು. ನಮ್ಮ ಸೆಕ್ಟರುಗಳ ಕನ್ನಡ ಮಕ್ಕಳಾದರೋ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ರಸ್ತೆಯಲ್ಲಿ ಹಿಂದಿಯನ್ನೋ ಆಡಿ, ಮರಾಠಿಯನ್ನು ಪರೀಕ್ಷೆ ದಾಟುವಷ್ಟು ಮಾತ್ರ ಕಲಿತವರು. ಅತ್ತ ಕೇಂದ್ರದ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಿದ್ದರೂ ಆ ಸಂಗತಿ ಇಲ್ಲಿಯ ತಂದೆತಾಯಂದಿರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಾದರೂ, ಬರೆಯುವಷ್ಟು ಕನ್ನಡ ಮಕ್ಕಳಲ್ಲಿ ಉಳಿದಿಲ್ಲ. ಹೀಗೆ ಎರಡು ಬಾಗಿಲುಗಳ ಮುಂದೆಯೂ ನಮ್ಮ ಮಕ್ಕಳು ಭಾಷೆಯ ಕೊರತೆಯಿಂದಲೇ ತಡವರಿಸುತ್ತಿದ್ದಾರೆ. ರಾತ್ರಿಶಾಲೆಗಳನ್ನು ನಡೆಸಿದವರ ಉತ್ತರಾಧಿಕಾರಿಗಳಾದ ತಾವು, ಶಾಲು–ಹಾರ–ಸ್ಮರಣಿಕೆಗಳಿಗೆ ವೆಚ್ಚವಾಗುವ ಹಣದಲ್ಲಿ ಒಂದಂಶವನ್ನು ಉಳಿಸಿ, ಪ್ರತಿ ಭಾನುವಾರ ಬೆಳಗ್ಗೆ ಎರಡು ಗಂಟೆ ಮರಾಠಿ, ಎರಡು ಗಂಟೆ ಕನ್ನಡ ಕಲಿಸುವ ತರಗತಿಯೊಂದನ್ನು ಏರ್ಪಡಿಸಬಾರದೇಕೆ?

ಮರಾಠಿ ವ್ಯಾಕರಣವನ್ನು ಚೆನ್ನಾಗಿ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಸೆಕ್ಟರಿನಲ್ಲಿಯೇ ಇದ್ದಾರೆ. ಕೇಳಿದ್ದೇನೆ, ಒಪ್ಪಿದ್ದಾರೆ, ಸಂಭಾವನೆ ಬೇಡವೆಂದೂ ಹೇಳಿದ್ದಾರೆ. ಕನ್ನಡದ ಎರಡು ಗಂಟೆಗಳನ್ನು ನಾನು ವಹಿಸಿಕೊಳ್ಳಬಲ್ಲೆ. ನಿಲ್ದಾಣಕ್ಕೆ ಸಮೀಪವಾಗಿ, ಇಪ್ಪತ್ತು ಜನ ಕೂರಬಹುದಾದ, ಕರಿಹಲಗೆಯುಳ್ಳ ಒಂದು ಕೊಠಡಿ ತಮ್ಮಲ್ಲಿ ಯಾರ ಸಂಘದಲ್ಲಿ ಭಾನುವಾರ ಬೆಳಗ್ಗೆ ಖಾಲಿಯಿರುತ್ತದೆಂಬುದನ್ನು ದಯವಿಟ್ಟು ತಿಳಿಸುವುದು.

ಇಂತು ತಮ್ಮ ವಿಶ್ವಾಸಿ,
ಕೋಪರಖೈರಣೆಯ ಹಿರಿಯ ನಿವಾಸಿಯೊಬ್ಬ